ಅಪ್‌ಡೇಟ್ ಆದ ಮೇಲೆ ರಕ್ಷಣೆಯ ಎಕ್ಸ್‌ಟೆನ್ಷನ್ ನಿಂತುಹೋಗಿದೆ: ಅಪ್‌ಡೇಟನ್ನೇ ನಿಲ್ಲಿಸಿಬಿಡಬಹುದೇ?

ಅಡಿಕೆತೋಟ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ.

ನಾನು ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ; ತಂದೆ ತಾಯಿ ಸಾಗರದ ಹತ್ತಿರದ ಊರಿನಲ್ಲಿದ್ದಾರೆ. ಊರಿನ ಮನೆಯ ಕಂಪ್ಯೂಟರಿನಲ್ಲಿ ತಂದೆಯವರು ಮಾಡುವ ಕೆಲಸ ಹೆಚ್ಚೇನಿಲ್ಲ. ಸಂಜೆ ಅಡಿಕೆ ಧಾರಣೆ ನೋಡುತ್ತಾರೆ, ಬೇಕಾದಾಗ ಪಹಣಿ ತೆಗೆಯುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ಉಳಿದ ಹೊತ್ತು ಯಕ್ಷಗಾನದ ವಿಡಿಯೊಗಳು. ನಾಲ್ಕೈದು ವರ್ಷಗಳ ಹಿಂದೆ ಆ ಕಂಪ್ಯೂಟರಿನ ಬ್ರೌಸರಿಗೆ, ಅದರೊಳಗೆ ಸೇರಿಕೊಂಡು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಟ್ಟು ಬಂದಿದ್ದೆ. ಜಾಹೀರಾತಿನ ಕಿರಿಕಿರಿ ತಪ್ಪಲಿ ಎಂಬುದಕ್ಕಿಂತ, ಜಾಹೀರಾತಿನ ವೇಷದಲ್ಲಿ ಬರುವ ಮೋಸದ ಕೊಂಡಿಗಳು ಅವರ ಕಣ್ಣಿಗೇ ಬೀಳದಿರಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಈಚೆಗೆ ಬ್ರೌಸರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿದೆ. ಆಗ, ಈ ಎಕ್ಸ್‌ಟೆನ್ಷನ್‌ಗೆ ಇನ್ನು ಮುಂದೆ ಬೆಂಬಲವಿಲ್ಲವಾದ್ದರಿಂದ ಅದನ್ನು ಆಫ್ ಮಾಡಲಾಗಿದೆ ಎಂಬ ಅರ್ಥದ ಚಿಕ್ಕ ಚೌಕವೊಂದು ಮೇಲಿನ ಮೂಲೆಯಲ್ಲಿ ಬಂದಿತ್ತಂತೆ. ತಂದೆಯವರು ಅದನ್ನು ಮುಚ್ಚಿ ತಮ್ಮ ಕೆಲಸ ಮುಂದುವರಿಸಿದ್ದಾರೆ. ಹತ್ತು ಹದಿನೈದು ದಿನ ಕಳೆದ ಮೇಲೆ, ಧಾರಣೆಯ ಪುಟದಲ್ಲಿ ರಾಶಿಯ ಸಾಲಿಗೂ ಚಾಲಿಯ ಸಾಲಿಗೂ ನಡುವೆ ಡೌನ್‌ಲೋಡ್ ಎಂದು ಬರೆದ ಹಸಿರು ಗುಂಡಿಯೊಂದು ಕಂಡಿದೆ. ಇಂದಿನ ದರಪಟ್ಟಿಯೇ ಇರಬೇಕೆಂದುಕೊಂಡು ಒತ್ತಿದರೆ ಪರದೆ ಪೂರ್ತಿ ಕೆಂಪಾಗಿ, ಕೀಂ ಎಂದು ಸದ್ದು ಹೊರಟು, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ ಎಂಬ ಇಂಗ್ಲಿಷ್ ಬರಹ ಬಂದಿದೆ. ಪುಣ್ಯಕ್ಕೆ ಅವರು ಆ ಸಂಖ್ಯೆಗೆ ಮಾಡದೆ ನನಗೆ ಮಾಡಿದರು. ನಾನು ಗಾಬರಿಯಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದೆ. ಹಣ ಹೋಗಲಿಲ್ಲ, ಆದರೆ ಅಂದಿನಿಂದ ಅವರು ಕಂಪ್ಯೂಟರಿನ ಮುಂದೆ ಕೂರಲು ಹೆದರುತ್ತಿದ್ದಾರೆ.

ನನ್ನ ಪ್ರಶ್ನೆಗಳು ಇವು. ಭದ್ರತೆಗಾಗಿ ಬರುವ ಅಪ್‌ಡೇಟು ಭದ್ರತೆಗೆಂದೇ ಹಾಕಿಕೊಂಡ ಎಕ್ಸ್‌ಟೆನ್ಷನ್ನನ್ನು ಏಕೆ ತೆಗೆಯುತ್ತದೆ? ಪೇಟೆಯ ಕಂಪ್ಯೂಟರ್ ಅಂಗಡಿಯವರೊಬ್ಬರು ಹಳೆಯ ಆವೃತ್ತಿ ಹಾಕಿ, ಅಪ್‌ಡೇಟನ್ನೇ ನಿಲ್ಲಿಸಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ಸರಿಯೇ? ಅಲ್ಲವಾದರೆ, ನಾನು ತಿಂಗಳಿಗೊಮ್ಮೆ ಮಾತ್ರ ಊರಿಗೆ ಹೋಗುವವನಾದ್ದರಿಂದ, ಮತ್ತೆ ಮತ್ತೆ ಮುರಿಯದಂತಹ ವ್ಯವಸ್ಥೆ ಯಾವುದು?

ಹಳೆಕೀಲಿಮಣೆ ಅವರ ಉತ್ತರ:

ಬ್ರೌಸರ್ ಯಾವುದೆಂದು ನೀವು ಬರೆದಿಲ್ಲವಾದರೂ, ಆ ಚೌಕದ ವಿವರಣೆಯಿಂದ ಅದು ಗೂಗಲ್ ಕ್ರೋಮ್, ಎಡ್ಜ್ ಮುಂತಾದ ಕ್ರೋಮಿಯಂ ತಳಹದಿಯ ಬ್ರೌಸರುಗಳಲ್ಲಿ ಒಂದು ಎಂದು ಊಹಿಸಬಹುದು. ಹಾಗಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಆಗಿರುವುದು ಉದ್ದೇಶಪೂರ್ವಕವಾದ, ಬಹಳ ಮೊದಲೇ ಘೋಷಿಸಿದ್ದ ಬದಲಾವಣೆ.

ಪ್ರತಿ ಎಕ್ಸ್‌ಟೆನ್ಷನ್‌ನ ಜೊತೆಗೂ ಮ್ಯಾನಿಫೆಸ್ಟ್ ಎಂಬ ಒಂದು ಕಡತವಿರುತ್ತದೆ. ತಾನು ಯಾರು, ತನಗೆ ಯಾವ ಯಾವ ಅನುಮತಿ ಬೇಕು ಎಂದು ಎಕ್ಸ್‌ಟೆನ್ಷನ್ ಬ್ರೌಸರಿಗೆ ಹೇಳಿಕೊಳ್ಳುವುದು ಅದರ ಮೂಲಕ. ಆ ಕಡತದ ನಿಯಮಾವಳಿಯ ಎರಡನೆಯ ಆವೃತ್ತಿಯಲ್ಲಿ, ಪುಟವೊಂದು ತೆರೆಯುವಾಗ ಹೊರಗೆ ಹೋಗುವ ಪ್ರತಿಯೊಂದು ಕೋರಿಕೆಯನ್ನೂ, ಅದು ಚಿತ್ರಕ್ಕಾಗಲಿ, ಸ್ಕ್ರಿಪ್ಟಿಗಾಗಲಿ, ಜಾಹೀರಾತಿನ ತುಣುಕಿಗಾಗಲಿ, ಬ್ರೌಸರ್ ಒಂದು ಗಳಿಗೆ ತಡೆದು ನಿಲ್ಲಿಸಿ, ಇದನ್ನು ಬಿಡಲೋ ಬೇಡವೋ ಎಂದು ಎಕ್ಸ್‌ಟೆನ್ಷನ್ನನ್ನು ಕೇಳುತ್ತಿತ್ತು. ಮೂರನೆಯ ಆವೃತ್ತಿಯಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ. ಎಕ್ಸ್‌ಟೆನ್ಷನ್ ತನ್ನ ನಿಯಮಗಳ ಪಟ್ಟಿಯನ್ನು ಮೊದಲೇ ಬ್ರೌಸರಿಗೆ ಒಪ್ಪಿಸಿ ಸುಮ್ಮನಿರಬೇಕು. ಪಟ್ಟಿ ನೋಡಿ ತಡೆಯುವ ಕೆಲಸವನ್ನು ಬ್ರೌಸರೇ ಮಾಡುತ್ತದೆ. ಆ ಪಟ್ಟಿಯ ಉದ್ದಕ್ಕೂ ಮಿತಿಯಿದೆ. ಒಂದು ಎಕ್ಸ್‌ಟೆನ್ಷನ್‌ಗೆ ಖಚಿತವಾಗಿ ಸಿಗುವುದು 30,000 ಸ್ಥಿರ ನಿಯಮಗಳು, ಅದಕ್ಕಿಂತ ಹೆಚ್ಚು ಬೇಕಾದರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಹಂಚಿಕೊಳ್ಳುವ ಸಾಮಾನ್ಯ ಪಾಲಿನಿಂದ ಪಡೆಯಬೇಕು. ಯುಬ್ಲಾಕ್ ಒರಿಜಿನ್ ಆ ಹಳೆಯ ಪ್ರಶ್ನೋತ್ತರದ ಪದ್ಧತಿಯ ಮೇಲೆಯೇ ನಿಂತಿದ್ದ ಎಕ್ಸ್‌ಟೆನ್ಷನ್.

ಗೂಗಲ್ ಈ ಮೂರನೆಯ ಆವೃತ್ತಿಯ ಕರಡನ್ನು ಮುಂದಿಟ್ಟದ್ದು 2018ರ ಕೊನೆಯಲ್ಲಿ. 2021ರ ಜನವರಿಯಲ್ಲಿ ಬಂದ ಕ್ರೋಮ್ 88 ಹೊಸ ಪದ್ಧತಿಗೆ ಬಾಗಿಲು ತೆರೆಯಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಗಿ, ಕೊನೆಗೆ 2024ರ ಅಕ್ಟೋಬರ್ ಹೊತ್ತಿಗೆ ಸಾಮಾನ್ಯ ಬಳಕೆದಾರರ ಬ್ರೌಸರುಗಳಲ್ಲಿ ಹಳೆಯ ಎಕ್ಸ್‌ಟೆನ್ಷನ್‌ಗಳು ಹಂತಹಂತವಾಗಿ ಆಫ್ ಆಗತೊಡಗಿದವು. ಮೊದಮೊದಲು ಅವನ್ನು ಕೈಯಾರೆ ಮತ್ತೆ ಆನ್ ಮಾಡಿಕೊಳ್ಳಬಹುದಿತ್ತು, ಸಂಸ್ಥೆಗಳಿಗೆಂದು, ಹಳೆಯದನ್ನು ಉಳಿಸಿಕೊಳ್ಳುವ ಪಾಲಿಸಿ ಎಂಬ ಸೆಟ್ಟಿಂಗಿನ ಸವಲತ್ತೂ ಇತ್ತು. 2025ರಲ್ಲಿ ಬಂದ ಕ್ರೋಮ್ 138 ಅದಕ್ಕೆ ಕೊನೆಯಾಯಿತು. 139ರಿಂದ ಮುಂದೆ ಆ ಹಳೆಯ ವ್ಯವಸ್ಥೆಯನ್ನು ತೆಗೆದುಹಾಕಲಾಗಿದೆ.

ಏಕೆ ಎಂಬ ಪ್ರಶ್ನೆಗೆ ಗೂಗಲ್ ಕೊಟ್ಟ ಕಾರಣಗಳು ವೇಗ, ಖಾಸಗಿತನ ಮತ್ತು ಭದ್ರತೆ. ನೀವು ತೆರೆಯುವ ಪ್ರತಿ ಪುಟದ ಪ್ರತಿ ಕೋರಿಕೆಯೂ ಮೂರನೆಯವರು ಬರೆದ ಸಾಫ್ಟ್‌ವೇರಿನ ಕೈಯಲ್ಲಿ ಹಾದುಹೋಗುವುದು ಅಪಾಯ ಎಂಬುದು ಸುಳ್ಳಲ್ಲ. 2024ರ ಡಿಸೆಂಬರ್ 24ರಂದು ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸ್ವಂತ ಎಕ್ಸ್‌ಟೆನ್ಷನ್ನಿಗೇ, ಅದರ ಉದ್ಯೋಗಿಯೊಬ್ಬರನ್ನು ನಕಲಿ ಮಿಂಚಂಚೆಯಿಂದ ವಂಚಿಸಿದ ದುಷ್ಕರ್ಮಿಗಳು ವಿಷ ಬೆರೆಸಿದ ಆವೃತ್ತಿಯೊಂದನ್ನು ತೂರಿಸಿದ್ದರು, ಮತ್ತು ಅದು ಸ್ವಯಂಚಾಲಿತ ಅಪ್‌ಡೇಟಿನ ಮೂಲಕವೇ ಬಳಕೆದಾರರ ಬ್ರೌಸರುಗಳನ್ನು ತಲುಪಿತು. ಆದರೆ ನನ್ನ ಅಭಿಪ್ರಾಯದಲ್ಲಿ ಹೊಸ ನಿಯಮಾವಳಿ ಈ ರೋಗಕ್ಕೆ ಕೊಟ್ಟ ಮದ್ದು ಅರ್ಧಂಬರ್ಧ. ಕೋರಿಕೆಗಳನ್ನು ನೋಡುವ ಅಧಿಕಾರವೂ, ಪುಟದೊಳಗೆ ತನ್ನ ಸ್ಕ್ರಿಪ್ಟ್ ಸೇರಿಸುವ ಅಧಿಕಾರವೂ ಅನುಮತಿ ಪಡೆದ ಎಕ್ಸ್‌ಟೆನ್ಷನ್‌ಗಳಿಗೆ ಹಾಗೆಯೇ ಉಳಿದಿವೆ. ಹೋಗಿರುವುದು ಕೋರಿಕೆಯನ್ನು ಸ್ಥಳದಲ್ಲೇ ತಡೆಯುವ ಅಧಿಕಾರ. ಕದಿಯುವವನಿಗೆ ಮೊದಲೆರಡು ಸಾಕು. ಕಾಯುವವನಿಗೆ ಬೇಕಿದ್ದದ್ದು ಮೂರನೆಯದು.

ಜಾಹೀರಾತು ತಡೆಯುವುದು ಭದ್ರತೆಯ ವಿಷಯವೇ ಅಲ್ಲ ಎಂದು ಯಾರಾದರೂ ವಾದಿಸಿದರೆ, ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಸಾರ್ವಜನಿಕ ಎಚ್ಚರಿಕೆಯನ್ನು ತೋರಿಸಿ. ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತಾಗಿ ಬರುವ ನಕಲಿ ತಾಣಗಳ ಬಗ್ಗೆ ಎಚ್ಚರಿಸಿ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಎಂದು ಅದರಲ್ಲೇ ಸಲಹೆ ನೀಡಿದ್ದಾರೆ.

ಇನ್ನು ಮುಖ್ಯ ವಿಷಯ. ಅಪ್‌ಡೇಟ್ ನಿಲ್ಲಿಸಬೇಡಿ. ನೀವು ಒಂದು ಸರಳ ಹೋಲಿಕೆ ಮಾಡಿ ನೋಡಿ. ನಿಮ್ಮ ತಂದೆಯವರು ಕಂಡ ಕೆಂಪು ಪರದೆ ಕೆಲಸ ಮಾಡಬೇಕಾದರೆ ಅವರು ಗುಂಡಿ ಒತ್ತಬೇಕು, ಆಮೇಲೆ ಫೋನ್ ಮಾಡಬೇಕು, ಆಮೇಲೆ ಹೇಳಿದಂತೆ ಕೇಳಬೇಕು. ನಡುವೆ ಎಲ್ಲಿ ಬೇಕಾದರೂ ಸರಪಣಿ ತುಂಡಾಗಬಹುದು, ನಿಮ್ಮಲ್ಲಿ ತುಂಡಾದಂತೆ. ಬ್ರೌಸರಿನ ಒಳಗಿನ ದೋಷ ಹಾಗಲ್ಲ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಚಿತ್ರಮಾದರಿಯನ್ನು ಬಿಡಿಸಿ ತೋರಿಸುವ ಲೈಬ್ರರಿಯೊಂದರಲ್ಲಿ ದೋಷ ಪತ್ತೆಯಾಯಿತು. ಕಿಡಿಗೇಡಿಗಳು ರೂಪಿಸಿದ ಚಿತ್ರವೊಂದು ಪುಟದಲ್ಲಿ ಮೂಡಿದರೆ ಸಾಕಿತ್ತು, ಏನನ್ನೂ ಒತ್ತಬೇಕಿರಲಿಲ್ಲ. ಕ್ರೋಮ್ ಸೆಪ್ಟೆಂಬರ್ 11ರಂದು, ಫೈರ್‌ಫಾಕ್ಸ್ ಮರುದಿನ ತೇಪೆ ಹಾಕಿದವು. ಅಪ್‌ಡೇಟ್ ನಿಲ್ಲಿಸಿದ್ದ ಬ್ರೌಸರುಗಳಿಗೆ ಆ ತೇಪೆ ಹೋಗಲಿಲ್ಲ.

ಸಂತೆಬೀದಿ ಅವರ ಉತ್ತರ:

ನಾನೂ ಒಂದು ಸಣ್ಣ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವವನು. ಮೇಲಿನವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಯವರು ಹಾಗೆ ಹೇಳುವುದಕ್ಕೂ ಒಂದು ಕಾರಣವಿದೆ, ಅದನ್ನು ದಡ್ಡತನ ಎಂದು ತಳ್ಳಿಹಾಕಬೇಡಿ. ನಮ್ಮ ಬಳಿಗೆ ಬರುವ ಹತ್ತು ಜನರಲ್ಲಿ ಹೆಚ್ಚಿನವರ ದೂರು ಒಂದೇ: ನಿನ್ನೆ ಸರಿಯಿತ್ತು, ಇವತ್ತು ಇಲ್ಲ. ನಿನ್ನೆಗೂ ಇವತ್ತಿಗೂ ನಡುವೆ ನಡೆದದ್ದು ಅಪ್‌ಡೇಟ್. ಅದನ್ನು ನಿಲ್ಲಿಸಿಕೊಟ್ಟರೆ ಅವರು ಮತ್ತೆ ಬರುವುದಿಲ್ಲ, ಕೆಲಸ ಸರಿಯಾಗಿ ಮಾಡಿಕೊಟ್ಟರು ಎಂಬ ಹೆಸರೂ ನಮಗೆ ಉಳಿಯುತ್ತದೆ. ಒಳಗೆ ಹೊಕ್ಕ ಕಳ್ಳ ಸದ್ದು ಮಾಡುವುದಿಲ್ಲವಾದ್ದರಿಂದ, ನಾವು ನಿಲ್ಲಿಸಿದ್ದರಿಂದ ಏನು ಕೆಟ್ಟಿತು ಎಂಬುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಹಳೆಯ ಎಕ್ಸ್‌ಟೆನ್ಷನ್ನನ್ನು ಬದುಕಿಸುವ ಉಪಾಯವನ್ನು ನಾನೂ ಹಲವರಿಗೆ ಮಾಡಿಕೊಟ್ಟಿದ್ದೆ. ಮೇಲಿನವರು ಹೇಳಿದ ಪಾಲಿಸಿ ಎಂದರೆ ಅದೇ. ಈಗ ಆ ಸಾಲಿಗೆ ಬೆಲೆಯಿಲ್ಲ. ಆ ಸಾಲನ್ನು ಯಾರ ಯಾರ ಕಂಪ್ಯೂಟರಿನಲ್ಲಿ ಸೇರಿಸಿದ್ದೆನೋ ಅದರ ಲೆಕ್ಕವನ್ನೂ ನಾನು ಇಟ್ಟಿರಲಿಲ್ಲ.

ನಿಧಾನಸ್ಥ ಅವರ ಉತ್ತರ:

ಇಂತಹ ಪ್ರಶ್ನೆ ಬಂದಾಗಲೆಲ್ಲ ಫೈರ್‌ಫಾಕ್ಸಿಗೆ ಹೋಗಿ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನಾನು ಹತ್ತು ಹನ್ನೆರಡು ವರ್ಷಗಳಿಂದ ಫೈರ್‌ಫಾಕ್ಸನ್ನೇ ಬಳಸುತ್ತಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿ ಏನೂ ಮುರಿಯುವುದಿಲ್ಲ ಎಂಬ ನಂಬಿಕೆಯಿಂದ ಹೋಗಬೇಡಿ. ಅಲ್ಲಿಯೂ ಮೂರು ಬಾರಿ ದೊಡ್ಡದಾಗಿ ಮುರಿದಿದೆ, ಮೂರೂ ಬೇರೆ ಬೇರೆ ರೀತಿಯಲ್ಲಿ.

ಮೊದಲನೆಯದು 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57. ಅದುವರೆಗಿನ ಆಡ್-ಆನ್‌ಗಳು (ಎಕ್ಸ್‌ಟೆನ್ಷನ್‌ಗಳಿಗೆ ಫೈರ್‌ಫಾಕ್ಸಿನವರು ಹೇಳುವ ಹೆಸರು) ಬ್ರೌಸರಿನ ಒಳಾಂಗಗಳಿಗೇ ಕೈಹಾಕಬಲ್ಲವಾಗಿದ್ದವು; ಅದೇ ಅವುಗಳ ಶಕ್ತಿಯೂ ಆಗಿತ್ತು, ಬ್ರೌಸರ್ ಸ್ವಲ್ಪ ಬದಲಾದರೂ ಅವು ಕುಸಿಯಲು ಕಾರಣವೂ ಆಗಿತ್ತು. 57ರಲ್ಲಿ ಆ ಹಳೆಯ ಬಗೆಯ ಆಡ್-ಆನ್‌ಗಳನ್ನೆಲ್ಲ ಒಂದೇ ಏಟಿಗೆ ಕೈಬಿಟ್ಟು, ವೆಬ್‌ಎಕ್ಸ್‌ಟೆನ್ಷನ್ ಎಂಬ ಹೊಸ ಬಗೆಯನ್ನು ಮಾತ್ರ ಉಳಿಸಿಕೊಂಡರು. ಪುಟಗಳ ಸ್ಕ್ರಿಪ್ಟುಗಳನ್ನು ತಡೆಯುವ ನೋಸ್ಕ್ರಿಪ್ಟ್ ಹೊಸ ರೂಪದಲ್ಲಿ ಬರಲು ಸುಮಾರು ಒಂದು ವಾರ ಹಿಡಿಯಿತು. ಬಂದಾಗ ಅದರ ಮುಖವೇ ಬದಲಾಗಿತ್ತು. ಹಳಬರು ಗುಂಡಿಗಳನ್ನು ಹುಡುಕುವುದರಲ್ಲೇ ಸುಸ್ತಾದರು. ಹಲವು ಆಡ್-ಆನ್‌ಗಳು ಮರಳಲೇ ಇಲ್ಲ. ಆಗ ಬಳಕೆದಾರರು ಕಂಡುಕೊಂಡ ಒಳ್ಳೆಯ ದಾರಿಯೆಂದರೆ 52ರ ಇಎಸ್‌ಆರ್, ಅಂದರೆ ಸಂಸ್ಥೆಗಳಿಗೆಂದು ದೀರ್ಘಕಾಲ ಪೋಷಿಸುವ ಆವೃತ್ತಿ. ಹಳೆಯ ಆಡ್-ಆನ್ ನಡೆಯುತ್ತಿತ್ತು, ಭದ್ರತೆಯ ತೇಪೆಗಳೂ 2018ರ ಸೆಪ್ಟೆಂಬರಿನವರೆಗೆ ಬರುತ್ತಿದ್ದವು. ಅಪ್‌ಡೇಟ್ ನಿಲ್ಲಿಸುವುದಕ್ಕೂ ನಿಧಾನವಾಗಿ ಬದಲಾಗುವ ಆವೃತ್ತಿಯನ್ನು ಆರಿಸಿಕೊಳ್ಳುವುದಕ್ಕೂ ಇರುವ ಅಂತರ ಇದೇ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಅಪ್‌ಡೇಟಿನ ಪಾತ್ರವೇ ಇರಲಿಲ್ಲ. ಆಡ್-ಆನ್‌ಗಳಿಗೆ ಫೈರ್‌ಫಾಕ್ಸನ್ನು ರೂಪಿಸುವ ಮೊಜಿಲ್ಲಾದ ಸಹಿ ಇರಬೇಕೆಂಬ ನಿಯಮ ಜಾರಿಗೆ ಬಂದದ್ದು 2015ರ ಕೊನೆಯಲ್ಲಿ ಬಂದ ಫೈರ್‌ಫಾಕ್ಸ್ 43ರಿಂದ. ಆ ಸಹಿಗೆ ಆಧಾರವಾಗಿದ್ದ ಮಧ್ಯವರ್ತಿ ಪ್ರಮಾಣಪತ್ರವೊಂದರ ಅವಧಿ 2019ರ ಮೇ 4ರಂದು, ನಮ್ಮಲ್ಲಿ ಶನಿವಾರ ಬೆಳಗಾಗುವ ಹೊತ್ತಿಗೆ ಮುಗಿದುಹೋಯಿತು. ಅದನ್ನು ನವೀಕರಿಸಬೇಕೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಫೈರ್‌ಫಾಕ್ಸ್ ದಿನಕ್ಕೊಮ್ಮೆ ಸಹಿಗಳನ್ನು ಪರಿಶೀಲಿಸುವ ಕಾರಣ ಒಬ್ಬೊಬ್ಬರಿಗೆ ಒಂದೊಂದು ಗಳಿಗೆಯಲ್ಲಿ, ಎಲ್ಲ ಆಡ್-ಆನ್‌ಗಳೂ ಸಾಲಾಗಿ ನಂದಿದವು. ತುರ್ತು ಪರಿಹಾರವನ್ನು ಮೊದಲು ಕಳುಹಿಸಿದ್ದು ಸ್ಟಡೀಸ್ ಎಂಬ ಪ್ರಯೋಗಗಳ ದಾರಿಯಲ್ಲಿ. ತಮ್ಮ ಮಾಹಿತಿ ಹೊರಹೋಗದಿರಲಿ ಎಂದು ಆ ದಾರಿಯನ್ನೇ ಮುಚ್ಚಿಟ್ಟಿದ್ದ ಎಚ್ಚರಿಕೆಯ ಜನರಿಗೆ ಪರಿಹಾರವೂ ತಡವಾಯಿತು. ಅದಕ್ಕಾಗಿ ತಾತ್ಕಾಲಿಕವಾಗಿ ಆ ದಾರಿ ತೆರೆದವರ ಮಾಹಿತಿಯನ್ನು ಅಳಿಸುವುದಾಗಿ ಮೊಜಿಲ್ಲಾ ಆಮೇಲೆ ತಿಳಿಸಿತು. ಮರುದಿನ 66.0.4 ಬಂದ ಮೇಲೆ ಬಹುಪಾಲು ಜನರ ಆಡ್-ಆನ್‌ಗಳು ಮರಳಿದವು.

ತಮ್ಮ ಗುರುತು ಮುಚ್ಚಿಟ್ಟು ಜಾಲಾಡಬೇಕಾದವರು ಬಳಸುವ ಟಾರ್ ಬ್ರೌಸರಿನಲ್ಲಿ ಇದು ಇನ್ನೂ ಗಂಭೀರವಾಗಿತ್ತು. ಅದು ಫೈರ್‌ಫಾಕ್ಸಿನ ಮೇಲೆಯೇ ಕಟ್ಟಿದ್ದು, ಅದರ ಅತಿ ಸುರಕ್ಷಿತ ಮಟ್ಟ ಸ್ಕ್ರಿಪ್ಟುಗಳನ್ನು ತಡೆಯುವುದು ನೋಸ್ಕ್ರಿಪ್ಟಿನ ಮೂಲಕ. ನೋಸ್ಕ್ರಿಪ್ಟ್ ನಂದಿದಾಗ ಆ ತಡೆ ಇಲ್ಲವಾಯಿತು. ಮೇ 7ರಂದು 8.0.9 ಬರುವವರೆಗೆ, ಸಹಿಯ ಪರಿಶೀಲನೆಯನ್ನು ಸೆಟ್ಟಿಂಗಿನಲ್ಲಿ ಕೈಯಾರೆ ಆಫ್ ಮಾಡಿ, ಹೊಸ ಆವೃತ್ತಿ ಬಂದೊಡನೆ ಮತ್ತೆ ಆನ್ ಮಾಡಿ ಎಂದು ಟಾರ್ ಯೋಜನೆಯವರು ಸೂಚಿಸಿದರು. ಈ ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ನನ್ನ ಪರಿಚಯದ ಕಚೇರಿಯೊಂದರಲ್ಲಿ, ಇಎಸ್‌ಆರ್ ಹಾಕಿದ್ದ ಒಂದು ಕಂಪ್ಯೂಟರನ್ನು ಬೇರೇನೋ ಕಾರಣಕ್ಕೆ ನೋಡುತ್ತಿದ್ದೆ. ಆಡ್-ಆನ್ ಪಟ್ಟಿಯಲ್ಲಿ ಹಳದಿ ಪಟ್ಟಿಯೊಂದಿಗೆ, ಸಹಿಯಿಲ್ಲದ, ಯಾರೂ ಹಾಕಿದ ನೆನಪಿಲ್ಲದ ಹುಡುಕುಪಟ್ಟಿಯೊಂದು ಕೂತಿತ್ತು. ಹಿಂದೆಂದೋ ಒಂದು ದಿನ ಯಾರೋ ಸಹಿ ಪರಿಶೀಲನೆಯನ್ನು ಒಂದು ಗಂಟೆಯ ಮಟ್ಟಿಗೆ ಎಂದು ಆಫ್ ಮಾಡಿದ್ದರು. ಆ ಒಂದು ಗಂಟೆ ಎರಡು ವರ್ಷವಾಗಿತ್ತು.

ಮೂರನೆಯದು ಸಂತೆಬೀದಿ ಅವರ ಗಮನಕ್ಕೆ. 2025ರ ಮಾರ್ಚ್ 14ರಂದು ಮೊಜಿಲ್ಲಾದ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು. ಈ ಬಾರಿ ಮುಂಚಿತವಾಗಿ ಸಾರಿ ಹೇಳಿದ್ದರು: ಫೈರ್‌ಫಾಕ್ಸ್ 128ಕ್ಕಿಂತ, ಇಎಸ್‌ಆರ್ ಆದರೆ 115.13ಕ್ಕಿಂತ ಹಳೆಯದನ್ನು ಬಳಸುತ್ತಿರುವವರ ಆಡ್-ಆನ್‌ಗಳು ಕೆಲಸ ಮಾಡದೇ ಹೋಗಬಹುದು ಎಂದು. ಆಡ್-ಆನ್ ಉಳಿಯಲಿ ಎಂದು ಅಪ್‌ಡೇಟ್ ಬೇಡವೆಂದಿದ್ದವರು, ಅಪ್‌ಡೇಟ್ ಮಾಡದಿದ್ದ ಕಾರಣಕ್ಕೇ ಆಡ್-ಆನ್ ಕಳೆದುಕೊಳ್ಳುವ ಪರಿಸ್ಥಿತಿ ಬಂತು.

ಇಷ್ಟಾದರೂ ನಿಮ್ಮ ತಂದೆಯವರಿಗೆ ಫೈರ್‌ಫಾಕ್ಸ್ ಹಾಕಿಕೊಡಿ ಎನ್ನುತ್ತೇನೆ. ಕೋರಿಕೆಯನ್ನು ತಡೆದು ಎಕ್ಸ್‌ಟೆನ್ಷನ್ನನ್ನು ಕೇಳುವ ಹಳೆಯ ಪದ್ಧತಿಯನ್ನು ಅವರು ಹೊಸ ನಿಯಮಾವಳಿಯಲ್ಲೂ ಉಳಿಸಿಕೊಂಡಿದ್ದಾರೆ, ಯುಬ್ಲಾಕ್ ಒರಿಜಿನ್ ಅಲ್ಲಿ ಪೂರ್ಣರೂಪದಲ್ಲಿ ನಡೆಯುತ್ತದೆ. ಮೆನುಗಳು ಕನ್ನಡದಲ್ಲೂ ಇವೆ. ಈಗಿರುವ ಬ್ರೌಸರನ್ನೇ ಬಿಡಲಾಗದಿದ್ದರೆ ಯುಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ ಅವರದೇ ಆದ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ. ಸಾಮಾನ್ಯ ಬಳಕೆಗೆ ಅದು ಸಾಕಷ್ಟಾಯಿತು. ಆದರೆ ಅದರ ತಡೆಪಟ್ಟಿಗಳು ಹೊಸದಾಗುವುದು ಎಕ್ಸ್‌ಟೆನ್ಷನ್ ಹೊಸದಾದಾಗ ಮಾತ್ರ, ಆದ್ದರಿಂದ ಇವತ್ತು ಹುಟ್ಟಿದ ಮೋಸದ ತಾಣ ನಾಳೆಯೇ ಪಟ್ಟಿಗೆ ಸೇರುತ್ತದೆ ಎನ್ನುವಂತಿಲ್ಲ. ಬ್ರೇವ್ ಬ್ರೌಸರಿನಲ್ಲಿ ತಡೆಯುವ ವ್ಯವಸ್ಥೆ ಬ್ರೌಸರಿನ ಒಳಗೇ ಇರುವುದರಿಂದ ಎಕ್ಸ್‌ಟೆನ್ಷನ್ ನಿಯಮಗಳ ಗೊಡವೆ ಅದಕ್ಕಿಲ್ಲ. ಅದೂ ಒಂದು ದಾರಿ.

ಒಂದು ಎಚ್ಚರಿಕೆ. ಹಳೆಯದು ನಿಂತುಹೋದ ಗಡಿಬಿಡಿಯಲ್ಲಿ ಜನರು ಬ್ರೌಸರಿನ ಎಕ್ಸ್‌ಟೆನ್ಷನ್ ಅಂಗಡಿಯ ಪುಟಕ್ಕೆ ಹೋಗಿ ಹೆಸರು ಹುಡುಕುತ್ತಾರೆ. ಆ ಹೆಸರನ್ನೇ ಹೋಲುವ, ಬೇರೆಯವರು ಮಾಡಿದ ಎಕ್ಸ್‌ಟೆನ್ಷನ್‌ಗಳು ಅಲ್ಲೇ ಕಾದಿರುತ್ತವೆ. ಮಾಡಿದವರ ಹೆಸರನ್ನು ನೋಡಿಯೇ ಹಾಕಿ.

ಲೆಕ್ಕದಪುಸ್ತಕ ಅವರ ಉತ್ತರ:

ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರನಾಗಿ ಕೆಲಸ ಮಾಡುತ್ತೇನೆ. ಜಾಹೀರಾತಿನ ವಿಷಯ ನನಗೆ ಹೆಚ್ಚು ತಿಳಿಯದು, ಆದರೆ ಬ್ರೌಸರ್ ಅಪ್‌ಡೇಟಿನ ಏಟನ್ನು ನಮ್ಮ ವೃತ್ತಿಯವರಷ್ಟು ತಿಂದವರು ಕಡಿಮೆ.

ಡಿಜಿಟಲ್ ಸಹಿಯ ಟೋಕನ್ ಇರುತ್ತದಲ್ಲ, ಪೆನ್‌ಡ್ರೈವಿನಂತೆ ಕಾಣುವಂಥದ್ದು, ಅದನ್ನು ಬ್ರೌಸರಿನೊಳಗಿಂದ ಬಳಸಬೇಕಾದರೆ ಹಿಂದೆ ಪುಟದೊಳಗೆ ನಡೆಯುವ ಜಾವಾ ಆ್ಯಪ್ಲೆಟ್ ಎಂಬ ಸಣ್ಣ ಪ್ರೋಗ್ರಾಂ ಬೇಕಿತ್ತು. ಆ ಆ್ಯಪ್ಲೆಟ್ ನಡೆಯುತ್ತಿದ್ದದ್ದು ಎನ್‌ಪಿಎಪಿಐ ಎಂಬ ಹಳೆಯ ಪ್ಲಗಿನ್ ವ್ಯವಸ್ಥೆಯ ಮೇಲೆ. ಕ್ರೋಮ್ ಅದನ್ನು 2015ರ ಸೆಪ್ಟೆಂಬರಿನಲ್ಲಿ 45ನೆಯ ಆವೃತ್ತಿಯಿಂದ ತೆಗೆಯಿತು, ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ 52ನೆಯದರಿಂದ. ಕಾರಣ ನ್ಯಾಯವಾದದ್ದೇ, ಆ ಪ್ಲಗಿನ್‌ಗಳಿಗೆ ಕಂಪ್ಯೂಟರಿನ ಮೇಲಿದ್ದ ಹಿಡಿತ ಅತಿಯಾಗಿತ್ತು. ಆದರೆ ಕಕ್ಷಿದಾರರೊಬ್ಬರ ಟೆಂಡರು ಸಲ್ಲಿಸಲು ಸಂಜೆ ಐದು ಗಂಟೆಯ ಗಡುವು, ನಾಲ್ಕೂವರೆಗೆ ಸಹಿಯ ಚೌಕವಿರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣದ ಖಾಲಿ ಆಯತ. ಆ ದಿನ ಪಕ್ಕದ ಅಂಗಡಿಯವರ ಅಪ್‌ಡೇಟ್ ಆಗದ ಹಳೆಯ ಕಂಪ್ಯೂಟರಿಗೆ ಟೋಕನ್ ಚುಚ್ಚಿ, ಗಡುವಿಗೆ ಏಳು ನಿಮಿಷ ಇರುವಾಗ ಸಹಿ ಮುಗಿಸಿದೆ.

ಅನಂತರ ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಕಚೇರಿಯ ಒಂದು ಹಳೆಯ ಕಂಪ್ಯೂಟರನ್ನು ಸಹಿಗೆಂದೇ ಮೀಸಲಿಟ್ಟೆವು. ಅದರಲ್ಲಿ ಬೇಕಾದ ಎರಡು ಮೂರು ತಾಣಗಳನ್ನು ಬುಕ್‌ಮಾರ್ಕ್ ಮಾಡಿ, ಮಿಂಚಂಚೆ, ವಾಟ್ಸ್ಆ್ಯಪ್, ಬ್ಯಾಂಕು ಯಾವುದನ್ನೂ ಅಲ್ಲಿ ತೆರೆಯಬಾರದೆಂದು ಪರದೆಯ ಅಂಚಿಗೇ ಚೀಟಿ ಅಂಟಿಸಿದೆವು. ಕಾಲಕ್ರಮದಲ್ಲಿ ತಾಣಗಳು ಆ್ಯಪ್ಲೆಟ್ ಬಿಟ್ಟು, ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಸ್ಥಾಪಿಸುವ ಸಹಿ ಸಾಫ್ಟ್‌ವೇರಿಗೆ ಬದಲಾದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ 2022ರ ಜೂನ್ 15ರಂದು ನಿವೃತ್ತವಾಯಿತು. ಅದೇ ಬೇಕೆನ್ನುವ ತಾಣಗಳಿಗೆ ಎಡ್ಜ್ ಬ್ರೌಸರಿನಲ್ಲಿ ಎಕ್ಸ್‌ಪ್ಲೋರರಿನಂತೆಯೇ ನಡೆಯುವ ಐಇ ಮೋಡ್ ಇದೆ, ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆ ಹಳೆಯ ಕಂಪ್ಯೂಟರು ಈಗ ಇಲ್ಲ. ಹಳೆಯದನ್ನು ಇಟ್ಟುಕೊಳ್ಳಲೇಬೇಕಾದ ಅನಿವಾರ್ಯ ಬಂದರೆ ಅದನ್ನು ಪ್ರತ್ಯೇಕವಾಗಿಡಿ, ತಂದೆಯವರ ದಿನಬಳಕೆಯ ಯಂತ್ರವನ್ನೇ ಹಳತು ಮಾಡಬೇಡಿ ಎಂಬುದಷ್ಟೇ ನಾನು ಸೇರಿಸಬಯಸುವುದು.

ಹಳೆಕೀಲಿಮಣೆ ಅವರ ಮರು ಉತ್ತರ:

ಮತ್ತೆ ಮತ್ತೆ ಮುರಿಯದಂಥದ್ದು ಯಾವುದು ಎಂಬ ನಿಮ್ಮ ಮೂರನೆಯ ಪ್ರಶ್ನೆಯನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ.

ಎಕ್ಸ್‌ಟೆನ್ಷನ್ ಎಂಬುದು ಬ್ರೌಸರಿನ ಮನೆಯಲ್ಲಿ ಬಾಡಿಗೆಗಿರುವಂಥದ್ದು. ಮಾಲೀಕರು ಗೋಡೆ ಸರಿಸಿದರೆ ಅದು ಜಾಗ ಖಾಲಿ ಮಾಡಬೇಕಾಗುತ್ತದೆ. ಆದ್ದರಿಂದ ಅದು ಮಾಡುತ್ತಿದ್ದ ಕೆಲಸಗಳಲ್ಲಿ ಬೇರೆಡೆ ಹಂಚಬಹುದಾದದ್ದನ್ನು ಹಂಚಿಬಿಡಿ. ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬಿಡಿಸಿಕೊಡುವುದು ಡಿಎನ್‌ಎಸ್ ಸೇವೆ. ಮೋಸದ ತಾಣಗಳ ಹೆಸರನ್ನೇ ಬಿಡಿಸದಿರುವ ಡಿಎನ್‌ಎಸ್ ಸೇವೆಗಳಿವೆ, ಕ್ವಾಡ್9ರ 9.9.9.9 ಎಂಬ ವಿಳಾಸ ಅಂಥದ್ದು, ಕ್ಲೌಡ್‌ಫ್ಲೇರಿನ 1.1.1.2 ಇನ್ನೊಂದು. ಎರಡರಲ್ಲೊಂದನ್ನು ಮನೆಯ ರೌಟರಿನಲ್ಲಿ ಒಮ್ಮೆ ಹಾಕಿದರೆ ಬ್ರೌಸರ್ ಯಾವುದಾದರೂ, ಅಪ್‌ಡೇಟ್ ಎಷ್ಟಾದರೂ ಸಾಮಾನ್ಯವಾಗಿ ಅದಕ್ಕೆ ಸಂಬಂಧವಿಲ್ಲ. ಪುಟದ ಸ್ವಂತ ವಿಳಾಸದಿಂದಲೇ ಬರುವ ಜಾಹೀರಾತನ್ನು ಅದು ತಡೆಯಲಾರದು ಎಂಬುದು ಗೊತ್ತಿರಲಿ. ಬ್ರೌಸರಿನ ಸೆಟ್ಟಿಂಗಿನಲ್ಲಿ, ತಾಣಗಳು ಸೂಚನೆ ಕಳುಹಿಸಲು ಅನುಮತಿ ಕೇಳುವುದನ್ನೇ ಪೂರ್ತಿ ನಿಲ್ಲಿಸಿ. ಹಲವು ವೈರಸ್ ಎಚ್ಚರಿಕೆಯ ನಾಟಕಗಳು ಬರುವುದು ಆ ಬಾಗಿಲಿನಿಂದ. ತಂದೆಯವರಿಗೆ ಆಡಳಿತಾಧಿಕಾರವಿಲ್ಲದ ಬೇರೆ ಖಾತೆ ಮಾಡಿಕೊಡಿ. ಧಾರಣೆ, ಪಹಣಿ, ಬಿಲ್ಲು ಇವುಗಳ ಪುಟಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲಿ ಕನ್ನಡ ಹೆಸರಿನಲ್ಲಿ ಇಟ್ಟುಕೊಟ್ಟರೆ ಅವರು ಹುಡುಕಾಟದ ಜಾಹೀರಾತುಗಳ ಕಡೆ ಹೋಗುವ ಪ್ರಸಂಗವೇ ಕಡಿಮೆಯಾಗುತ್ತದೆ.

ಎಚ್‌ಟಿಟಿಪಿಎಸ್ ಎವೆರಿವೇರ್ ಎಂಬ ಎಕ್ಸ್‌ಟೆನ್ಷನ್ ನೆನಪಿದೆಯೇ? ಪುಟಗಳನ್ನು ಗೂಢಲಿಪಿಯ ಸಂಪರ್ಕದಲ್ಲೇ ತೆರೆಯುವಂತೆ ಮಾಡುತ್ತಿತ್ತು. 2020ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 83 ಅದೇ ಕೆಲಸವನ್ನು ಬ್ರೌಸರಿನೊಳಗೇ ತಂದಿತು, ಉಳಿದವರೂ ತಂದರು, ಆ ಎಕ್ಸ್‌ಟೆನ್ಷನ್ ಮಾಡಿದ, ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆಯೇ ಇನ್ನು ಇದರ ಅಗತ್ಯವಿಲ್ಲ ಎಂದು ಹೇಳಿ ಮುಚ್ಚಿತು. ಆ ಸೌಲಭ್ಯ ನಿಮ್ಮ ಬ್ರೌಸರಿನ ಸೆಟ್ಟಿಂಗಿನಲ್ಲಿ ಆಫ್ ಆಗಿ ಕೂತಿರಬಹುದು. ಊರಿಗೆ ಹೋದಾಗ ಅದನ್ನೂ ಆನ್ ಮಾಡಿ ಬನ್ನಿ.

ಮತ್ತೆ ಅಂಥ ಕೆಂಪು ಪರದೆ ಬಂದರೆ ಪವರ್ ಗುಂಡಿ ಬೇಡ. ಎಸ್ಕೇಪ್ ಕೀಲಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಪೂರ್ಣಪರದೆಯಿಂದ ಹೊರಬರುತ್ತದೆ, ಆಮೇಲೆ ಬ್ರೌಸರ್ ಮುಚ್ಚಬಹುದು. ಹಣ ಹೋಗಿದ್ದರೆ ಕರೆ ಮಾಡಬೇಕಾದ ರಾಷ್ಟ್ರೀಯ ಸಹಾಯವಾಣಿ 1930.

ಅಡಿಕೆತೋಟ ಅವರ ಮರುಬರಹ:

ಎಲ್ಲರಿಗೂ ಕೃತಜ್ಞತೆಗಳು. ಈ ವಾರಾಂತ್ಯ ಊರಿಗೆ ಹೋಗಿದ್ದೆ. ಫೈರ್‌ಫಾಕ್ಸ್ ಹಾಕಿ, ಕನ್ನಡದ ಮೆನು ಇಟ್ಟು, ಯುಬ್ಲಾಕ್ ಒರಿಜಿನ್ ಸೇರಿಸಿದೆ. ರೌಟರಿನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಕೇಬಲ್ ಎಳೆದುಕೊಟ್ಟ ಹುಡುಗನನ್ನು ಕರೆಸಿ, ಅವನಿಗೆ ಚಹ ಕೊಟ್ಟು, ಡಿಎನ್‌ಎಸ್ ಬದಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಬುಕ್‌ಮಾರ್ಕುಗಳ ಹೆಸರನ್ನು ತಂದೆಯವರೇ ಹೇಳಿ ಬರೆಸಿದರು. ಮೊದಲನೆಯದು 'ಧಾರಣೆ', ಎರಡನೆಯದು 'ಪಾಣಿ', ಅವರು ಬಾಯಲ್ಲಿ ಹೇಳುವ ಹಾಗೆಯೇ. ಹಳೆಯ ಬ್ರೌಸರಿನ ಚಿತ್ರವನ್ನು ಪರದೆಯಿಂದ ತೆಗೆದೆ, ಆದರೆ ಅದನ್ನು ಅಳಿಸಿಲ್ಲ, ಅಪ್‌ಡೇಟನ್ನೂ ನಿಲ್ಲಿಸಿಲ್ಲ. ಆ ಅಂಗಡಿಯವರಿಗೂ ಫೋನ್ ಮಾಡಿ ವಿಷಯ ತಿಳಿಸಿದೆ. ಸಂತೆಬೀದಿ ಅವರ ಮಾತನ್ನು ಓದಿರದಿದ್ದರೆ ಬಹುಶಃ ಒರಟಾಗಿ ಮಾತಾಡಿಬಿಡುತ್ತಿದ್ದೆ.

ಒಂದು ಉಳಿದಿದೆ. ತಾಯಿಯವರು ಕಂಪ್ಯೂಟರ್ ಮುಟ್ಟುವುದಿಲ್ಲ, ಎಲ್ಲವನ್ನೂ ಆ್ಯಂಡ್ರಾಯ್ಡ್ ಫೋನಿನಲ್ಲೇ ನೋಡುತ್ತಾರೆ. ಅದಕ್ಕೇನು ಮಾಡಲಿ?

ನಿಧಾನಸ್ಥ ಅವರ ಉತ್ತರ:

ಆ್ಯಂಡ್ರಾಯ್ಡಿನ ಫೈರ್‌ಫಾಕ್ಸಿನಲ್ಲೂ ಯುಬ್ಲಾಕ್ ಒರಿಜಿನ್ ನಡೆಯುತ್ತದೆ. ಅಲ್ಲಿಯೂ 2020ರ ಆಗಸ್ಟಿನಲ್ಲಿ ಬ್ರೌಸರನ್ನು ಹೊಸದಾಗಿ ಬರೆದಾಗ ಬೆರಳೆಣಿಕೆಯ ಆಡ್-ಆನ್‌ಗಳಷ್ಟೇ ಉಳಿದಿದ್ದವು, ಅವುಗಳಲ್ಲಿ ಇದೂ ಒಂದಾಗಿತ್ತು. ಉಳಿದವಕ್ಕೆ ಬಾಗಿಲು ಮತ್ತೆ ತೆರೆದದ್ದು 2023ರ ಡಿಸೆಂಬರಿನಲ್ಲಿ.

ಬ್ರೌಸರ್ ಬದಲಿಸಲು ತಾಯಿಯವರು ಒಪ್ಪದಿದ್ದರೆ, ಆ್ಯಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದ ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂದಿರುತ್ತದೆ. ಅಲ್ಲಿ ಅಂಕಿಯ ವಿಳಾಸ ಹಿಡಿಸುವುದಿಲ್ಲ, ಹೆಸರನ್ನೇ ಬರೆಯಬೇಕು: ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್, ಇಂಗ್ಲಿಷ್ ಅಕ್ಷರಗಳಲ್ಲಿ. ರೈಲು ನಿಲ್ದಾಣದಲ್ಲೋ ಹೋಟೆಲಿನಲ್ಲೋ ಉಚಿತ ವೈಫೈ ಬಳಸುವಾಗ ಅವರ ಲಾಗಿನ್ ಪುಟ ತೆರೆಯದೇ ಹೋಗಬಹುದು. ಆಗ ಅದನ್ನು ಆಟೋಮ್ಯಾಟಿಕ್‌ಗೆ ಬದಲಿಸಬೇಕಾಗುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಮೊದಲಿನಂತೆ ಮಾಡಬೇಕು. ಇವೆರಡನ್ನೂ ತಾಯಿಯವರ ಕೈಯಲ್ಲೇ ಎರಡು ಸಲ ಮಾಡಿಸಿ ಬನ್ನಿ.